ಸ್ಪೀಕರ್ ಪೆಟ್ಟಿಗೆಗೆ ಒರೆಸಿ ಹಚ್ಚುವ ಪಾಲಿಯುರೆಥೇನ್: ಒಬ್ಬ ಬಳಕೆದಾರನ ವಿಮರ್ಶೆ

ಮನೆಯಲ್ಲೇ ಕೂಡಿಸಿದ ಮರದ ಸ್ಪೀಕರ್ ಪೆಟ್ಟಿಗೆಗೆ ಯಾವ ಪಾರದರ್ಶಕ ಲೇಪ ಹಚ್ಚಬೇಕು ಎಂದು ಯಾರಾದರೂ ಕೇಳಿದರೆ ನಾನು ಈಗ ತಡವರಿಸುವುದಿಲ್ಲ. ಎಣ್ಣೆ ಮೂಲದ ಪಾಲಿಯುರೆಥೇನ್, ಬಟ್ಟೆಯಿಂದ ಒರೆಸಿ ಹಚ್ಚುವ ಬಗೆಯದು, ಸ್ಯಾಟಿನ್ ಎನ್ನುವ ಮಂದ ಹೊಳಪಿನದು. ಡಬ್ಬಿಗಳ ಮೇಲೆ ‘ವೈಪ್-ಆನ್ ಪಾಲಿ’ ಎಂದು ಬರೆದಿರುತ್ತದೆ. ಹಲವು ಕಂಪನಿಗಳು ಇದನ್ನು ತಯಾರಿಸುತ್ತವೆ, ಒಳಗಿನ ಸಾಮಾನು ಹೆಚ್ಚು ಕಡಿಮೆ ಒಂದೇ. ಹಾಗಾಗಿ ಒಂದು ಕಂಪನಿಯ ಹೆಸರು ಹಿಡಿದು ಹೊಗಳುವ ಬದಲು ಈ ಬಗೆಯ ಲೇಪವನ್ನೇ ವಿಮರ್ಶೆಗೆ ತೆಗೆದುಕೊಂಡಿದ್ದೇನೆ. ಬರ್ಚ್ ಪ್ಲೈವುಡ್‌ನ ಪುಟ್ಟ ಜೋಡಿ, ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಮೇಲೆ ವಾಲ್ನಟ್ ವಿನೀರ್ (ಮರದ ತೆಳು ಹಾಳೆ) ಅಂಟಿಸಿದ ಎತ್ತರದ ಜೋಡಿ, ಗಟ್ಟಿ ಓಕ್ ಮರದ ಒಂದು ಪೆಟ್ಟಿಗೆ, ಈ ಮೂರರ ಮೇಲೂ ಇದನ್ನು ಬಳಸಿದ್ದೇನೆ. ಪಕ್ಕದಲ್ಲಿ ನೀರು ಮೂಲದ ಪಾಲಿ, ಅರಗಿನ ಪಾಲಿಶ್, ಬರಿಯ ಎಣ್ಣೆ ಇವನ್ನೂ ತುಂಡು ಹಲಗೆಗಳ ಮೇಲೆ ಹಚ್ಚಿ ಹೋಲಿಸಿದ್ದೇನೆ.

ಲೇಪಗಳ ಬಗ್ಗೆ ಓದಲು ಸಿಗುವ ಸಲಹೆಗಳಲ್ಲಿ ಬಹುಪಾಲು ಮೇಜಿನ ಮೇಲ್ಮೈಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಮೇಜಿನ ಮೇಲೆ ಬಿಸಿ ಪಾತ್ರೆ ಇಡುತ್ತಾರೆ, ನೀರು ಚೆಲ್ಲುತ್ತದೆ, ಮೊಣಕೈ ಉಜ್ಜುತ್ತದೆ, ಆದ್ದರಿಂದ ದಪ್ಪ ಪದರ ಬೇಕು. ಸ್ಪೀಕರ್ ಪೆಟ್ಟಿಗೆಗೆ ಈ ಯಾವ ಕಾಟವೂ ಇಲ್ಲ. ಅದರ ಮೇಲೆ ಧೂಳು ಕೂರುತ್ತದೆ, ಒಣ ಬಟ್ಟೆ ಓಡಾಡುತ್ತದೆ, ಎಂದಾದರೊಮ್ಮೆ ಜಾಗ ಬದಲಿಸುವಾಗ ಕೈ ಸೋಕುತ್ತದೆ. ಆದರೆ ನೋಟದ ವಿಷಯಕ್ಕೆ ಬಂದರೆ ಅದು ಮೇಜಿಗಿಂತ ಬಹಳ ಕಠಿಣ. ಅದರ ಮುಖಗಳು ನೆಟ್ಟಗೆ ನಿಂತಿರುತ್ತವೆ, ಕುಳಿತವರ ಕಣ್ಣಿನ ಎತ್ತರದಲ್ಲೇ ಇರುತ್ತವೆ, ಬೆಳಕು ಓರೆಯಾಗಿ ಬಿದ್ದಾಗ ಕುಂಚದ ಒಂದೊಂದು ಗೆರೆಯೂ ಕಾಣುತ್ತದೆ. ಸಾಲದ್ದಕ್ಕೆ ಮುಂಭಾಗದ ಹಲಗೆಯಲ್ಲಿ ವೂಫರ್ (ತಗ್ಗು ಸ್ವರದ್ದು), ಟ್ವೀಟರ್ (ಎತ್ತರದ ಸ್ವರದ್ದು), ಪೋರ್ಟ್ (ಗಾಳಿಕಿಂಡಿ) ಎಂದು ತೂತುಗಳು, ತೂತಿನ ಸುತ್ತ ಡ್ರೈವರಿನ, ಅಂದರೆ ಸದ್ದು ಹೊರಡಿಸುವ ಘಟಕದ, ಚೌಕಟ್ಟು ಮಟ್ಟಸವಾಗಿ ಕೂರಲು ಕೊರೆದ ಅಂಚು. ಕುಂಚದಿಂದ ದಪ್ಪ ವಾರ್ನಿಷ್ ಬಳಿದರೆ ಅದು ನಿಂತ ಮುಖದ ಮೇಲೆ ಇಳಿದು ಹನಿಗಟ್ಟುತ್ತದೆ, ತೂತಿನ ಅಂಚಿನಲ್ಲಿ ದಿಂಡಿನಂತೆ ಶೇಖರವಾಗುತ್ತದೆ. ಡ್ರೈವರಿಗೂ ಅದರ ಗುಂಡಿಗೂ ನಡುವೆ ಬಿಟ್ಟಿರುವ ಸಂದು ಅರ್ಧ ಮಿಲಿಮೀಟರಿನಷ್ಟೇ ಇದ್ದರೆ ಆ ದಿಂಡು ಒಣಗಿದ ಮೇಲೆ ಡ್ರೈವರ್ ಒಳಗೆ ಇಳಿಯುವುದೇ ಇಲ್ಲ.

ಒರೆಸಿ ಹಚ್ಚುವ ಪಾಲಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ, ಮತ್ತು ಅದರ ಗುಟ್ಟು ತೀರ ಸರಳ. ಇದು ಸಾಮಾನ್ಯ ಪಾಲಿಯುರೆಥೇನ್ ವಾರ್ನಿಷ್ಷೇ, ದ್ರಾವಕ ಮಾತ್ರ ಹೆಚ್ಚು. ಸಾಮಾನ್ಯ ಎಣ್ಣೆ ಮೂಲದ ಪಾಲಿಗೆ ಅಷ್ಟೇ ಪ್ರಮಾಣದ ಮಿನರಲ್ ಸ್ಪಿರಿಟ್ (ಬಣ್ಣ, ವಾರ್ನಿಷ್ ತೆಳುಮಾಡುವ ದ್ರಾವಕ) ಬೆರೆಸಿದರೆ ಮನೆಯಲ್ಲೇ ಇದಕ್ಕೆ ಬಹಳ ಹತ್ತಿರದ್ದನ್ನು ಮಾಡಿಕೊಳ್ಳಬಹುದು. ನಾನು ಹಾಗೆಯೂ ಮಾಡಿದ್ದೇನೆ, ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ಬಟ್ಟೆಯಿಂದ ಒರೆಸಿದ ಒಂದು ಪದರ ಕುಂಚದಿಂದ ಬಳಿದ ಪದರದ ಸುಮಾರು ಮೂರನೆಯ ಒಂದು ಭಾಗದಷ್ಟು ದಪ್ಪ. ಇಷ್ಟು ತೆಳ್ಳಗಿದ್ದಾಗ ಅದು ಜಾರಲಾರದು. ಬೇಗ ಆರುವುದರಿಂದ ಧೂಳು ಅಂಟಿಕೊಳ್ಳುವ ಅವಧಿಯೂ ಕಡಿಮೆ.

ಹಚ್ಚುವ ಮುನ್ನದ ತಯಾರಿಯ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಪಾರದರ್ಶಕ ಲೇಪ ಏನನ್ನೂ ಮುಚ್ಚುವುದಿಲ್ಲ, ಇರುವುದನ್ನೆಲ್ಲ ಎತ್ತಿ ತೋರಿಸುತ್ತದೆ. ಪೆಟ್ಟಿಗೆ ಜೋಡಿಸುವಾಗ ಸಂದಿಯಿಂದ ಹೊರಬಂದ ಬಿಳಿ ಅಂಟನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಅದು ಮರದ ರಂಧ್ರಗಳೊಳಗೆ ಸೇರಿಕೊಂಡು ಅಲ್ಲೇ ಕೂರುತ್ತದೆ. ಬರಿಗಣ್ಣಿಗೆ ಏನೂ ಕಾಣುವುದಿಲ್ಲ, ಲೇಪ ಬಿದ್ದ ಕೂಡಲೇ ಅಲ್ಲಿ ಮಾತ್ರ ತಿಳಿಬಣ್ಣದ ಮಚ್ಚೆ ಏಳುತ್ತದೆ. ಇದನ್ನು ಮೊದಲೇ ಹಿಡಿಯುವ ಉಪಾಯ ಒಂದಿದೆ: ಉಜ್ಜುವ ಕೆಲಸ ಮುಗಿದ ಮೇಲೆ ಇಡೀ ಪೆಟ್ಟಿಗೆಯನ್ನು ಮಿನರಲ್ ಸ್ಪಿರಿಟ್‌ನಿಂದ ಒರೆಸಿ, ಓರೆ ಬೆಳಕಿನಲ್ಲಿ ನೋಡುವುದು. ಅಂಟಿನ ಮಚ್ಚೆ, ಉಜ್ಜುವಾಗ ಉಳಿದ ಸುರುಳಿ ಗೀರು, ಕೊನೆಗೆ ಮರ ತಾಳಲಿರುವ ಬಣ್ಣ, ಎಲ್ಲವೂ ಆ ಕೆಲವು ನಿಮಿಷ ಕಾಣುತ್ತವೆ. ಸ್ಪಿರಿಟ್ ಆರಿದ ಮೇಲೆ ಮರ ಮೊದಲಿನಂತಾಗುತ್ತದೆ, ನೀರಿನಂತೆ ನಾರನ್ನು ಎಬ್ಬಿಸುವುದಿಲ್ಲ. ಈ ಹೆಜ್ಜೆಯನ್ನು ಬಿಡಬೇಡಿ ಎಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಮುಖಗಳಿಗೆ 120, 150, 180ರ ಉಪ್ಪುಕಾಗದ ಸಾಕು, ಹೆಚ್ಚೆಂದರೆ 220. ಅದಕ್ಕಿಂತ ನುಣುಪು ಮಾಡಿದರೆ ಪದರ ಕಟ್ಟುವ ಲೇಪಕ್ಕೆ ಏನೂ ಲಾಭವಿಲ್ಲ. ಪ್ಲೈವುಡ್‌ನ ಅಂಚು ಮಾತ್ರ ಬೇರೆಯೇ ಲೆಕ್ಕ. ಅಲ್ಲಿ ಒಂದು ಬಿಟ್ಟು ಒಂದು ಪದರ ತುದಿನಾರಾಗಿ ಹೊರಗೆ ಬಂದಿರುತ್ತದೆ, ಅದು ಲೇಪವನ್ನು ಹೀರಿಕೊಂಡು ಕಪ್ಪಾಗುತ್ತದೆ. ಬರ್ಚ್ ಪ್ಲೈವುಡ್‌ನ ಪಟ್ಟೆ ಪಟ್ಟೆಯ ಅಂಚನ್ನು ಅಂದಕ್ಕೆಂದೇ ತೆರೆದಿಡುವವರು ಅಂಚನ್ನಷ್ಟೇ 320ರವರೆಗೆ ಉಜ್ಜಿದರೆ ಹೀರುವಿಕೆ ತಗ್ಗಿ, ಪಟ್ಟೆಗಳು ಸ್ಪಷ್ಟವಾಗಿ, ಮಸಿ ಹಿಡಿದಂತಾಗದೆ ಉಳಿಯುತ್ತವೆ. ವಿನೀರ್ ಆದರೆ ಮೂಲೆಗಳಲ್ಲಿ ಯಂತ್ರವನ್ನು ಹತ್ತಿರವೇ ತರಬಾರದು. ಇಂದು ಸಿಗುವ ವಿನೀರ್ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸಿನ ದಪ್ಪದ್ದು, ಯಂತ್ರ ಕ್ಷಣಾರ್ಧದಲ್ಲಿ ಅದನ್ನು ತಿಂದು ಕೆಳಗಿನ ಎಂಡಿಎಫ್ ತೋರಿಸಿಬಿಡುತ್ತದೆ. ಮರದ ತುಂಡಿಗೆ ಕಾಗದ ಸುತ್ತಿ ಕೈಯಿಂದಲೇ ಉಜ್ಜಬೇಕು.

ಡ್ರೈವರ್ ಬಿಗಿಯುವ ತಿರುಪುಗಳ ತೂತು, ಒಳಗೆ ಕೂರುವ ಲೋಹದ ನಟ್ಟುಗಳು, ಹಿಂಬದಿಯ ಟರ್ಮಿನಲ್‌ನ ಗುಂಡಿ, ಎಲ್ಲವನ್ನೂ ಲೇಪಕ್ಕೆ ಮೊದಲೇ ಮುಗಿಸಿ, ಒಮ್ಮೆ ಡ್ರೈವರ್ ಕೂರಿಸಿ ನೋಡಿ, ಮತ್ತೆ ಹೊರತೆಗೆದಿಡಬೇಕು. ಡ್ರೈವರ್ ಇಟ್ಟುಕೊಂಡೇ ಸುತ್ತ ಟೇಪ್ ಅಂಟಿಸಿ ಹಚ್ಚುತ್ತೇನೆ ಎನ್ನುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಉಜ್ಜಿದ ಪುಡಿ ಕೋನ್‌ನ ಸುತ್ತಲ ರಬ್ಬರಿನ ಮಡಿಕೆಯಲ್ಲಿ ಸೇರುತ್ತದೆ, ದ್ರಾವಕದ ಹನಿ ಅಲ್ಲೇ ಬಿದ್ದರೆ ಗತಿಯೇನು?

ಹಚ್ಚುವುದು ಈ ಲೇಪದ ಅತ್ಯಂತ ಸಂತೋಷದ ಭಾಗ. ನೂಲು ಬಿಡದ ಹಳೆಯ ಹತ್ತಿ ಬಟ್ಟೆಯನ್ನು ಮಡಚಿ ಅಂಗೈಯಗಲದ ಮೆತ್ತೆ ಮಾಡಿಕೊಳ್ಳುತ್ತೇನೆ. ಬೇಕಾದಷ್ಟನ್ನು ಬಟ್ಟಲಿಗೆ ಸುರಿದುಕೊಳ್ಳುತ್ತೇನೆ, ಡಬ್ಬಿಗೇ ಬಟ್ಟೆ ಅದ್ದಿದರೆ ಉಳಿದದ್ದೆಲ್ಲ ಕೊಳೆಯಾಗುತ್ತದೆ. ಮೆತ್ತೆ ತೇವವಾಗಿರಬೇಕು, ತೊಟ್ಟಿಕ್ಕಬಾರದು. ನಾರಿನ ದಿಕ್ಕಿನಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಉದ್ದನೆಯ ಎಳೆತ, ಪಕ್ಕದ ಎಳೆತ ಹಿಂದಿನದನ್ನು ಸ್ವಲ್ಪ ಮುಟ್ಟುವಂತೆ. ಒಮ್ಮೆ ಹಚ್ಚಿದ ಜಾಗಕ್ಕೆ ಐದು ನಿಮಿಷದ ನಂತರ ಮರಳಿ ಹೋಗಬಾರದು, ಆಗಲೇ ಅಂಟಂಟಾಗಿರುವ ಪದರದ ಮೇಲೆ ಬಟ್ಟೆ ಎಳೆದ ಗುರುತು ಉಳಿದುಬಿಡುತ್ತದೆ. ತೂತಿನ ಬಳಿ ಬಂದಾಗ ಮೆತ್ತೆಯನ್ನು ತೂತಿನ ಕಡೆಯಿಂದ ಹೊರಕ್ಕೆ ಎಳೆದರೆ ಅಂಚಿನಲ್ಲಿ ಲೇಪ ತುಂಬಿಕೊಳ್ಳುವುದಿಲ್ಲ. ಪೆಟ್ಟಿಗೆಯನ್ನು ಮುಟ್ಟದೆ ತಿರುಗಿಸಲು ವೂಫರಿನ ತೂತೇ ಹಿಡಿಕೆ, ಒಳಗೆ ಕೈ ಹಾಕಿ ಎತ್ತಿ ತಿರುಗಿಸಬಹುದು. ಬೇರೆ ಯಾವ ಪೀಠೋಪಕರಣಕ್ಕೂ ಈ ಸೌಲಭ್ಯ ಇಲ್ಲ!

ಮೊದಲ ಪದರ ಬಹುಪಾಲು ಮರದೊಳಗೆ ಹೋಗುತ್ತದೆ, ಮೇಲ್ಮೈ ಅಲ್ಲಲ್ಲಿ ಹೊಳೆದು ಅಲ್ಲಲ್ಲಿ ಮಂಕಾಗಿ ಕಾಣುತ್ತದೆ. ಎರಡನೆಯದರ ನಂತರವೂ ತೇಪೆ ತೇಪೆ. ಇಲ್ಲಿ ಧೈರ್ಯಗೆಟ್ಟು ಒಮ್ಮೆಗೇ ದಪ್ಪ ಪದರ ಬಳಿಯುವ ಆಸೆ ಬರುತ್ತದೆ, ತಡೆದುಕೊಳ್ಳಬೇಕು. ಮೂರನೆಯ ಪದರದಿಂದ ಮೇಲ್ಮೈ ಒಂದಾಗತೊಡಗುತ್ತದೆ. ಮೂರು ಪದರ ಸಾಕು ಎಂದು ಡಬ್ಬಿಗಳು ಹೇಳುವುದನ್ನು ನಾನು ಒಪ್ಪುವುದಿಲ್ಲ. ವಿನೀರಿಗೆ ನಾಲ್ಕು, ಬರ್ಚ್ ಪ್ಲೈವುಡ್‌ಗೆ ಐದು, ಅಂಚುಗಳಿಗೆ ಇನ್ನೊಂದು ಹೆಚ್ಚು, ಇದು ನನ್ನ ತೀರ್ಮಾನ. ಬೆಚ್ಚಗಿನ ಒಣ ಹವೆಯಲ್ಲಿ ಎರಡು ಮೂರು ಗಂಟೆಗೆ ಮುಂದಿನ ಪದರ ಹಚ್ಚಬಹುದು. ಗಾಳಿಯಲ್ಲಿ ತೇವ ತುಂಬಿದ್ದಾಗ ಮರುದಿನದವರೆಗೆ ಕಾಯುವುದೇ ಜಾಣತನ. ಆರಿದೆಯೋ ಇಲ್ಲವೋ ಎಂದು ಗಡಿಯಾರಕ್ಕಿಂತ ಉಪ್ಪುಕಾಗದ ಚೆನ್ನಾಗಿ ಹೇಳುತ್ತದೆ: 400ರ ಕಾಗದವನ್ನು ಮೆಲ್ಲನೆ ಆಡಿಸಿದಾಗ ಬಿಳಿಯ ಪುಡಿ ಬಂದರೆ ಆರಿದೆ, ಕಾಗದಕ್ಕೆ ಉಂಡೆ ಉಂಡೆಯಾಗಿ ಮೆತ್ತಿಕೊಂಡರೆ ಇನ್ನೂ ಇಲ್ಲ.

ಪದರಗಳ ನಡುವೆ ಉಜ್ಜಲು ಸ್ಟೀಲ್ ವೂಲ್ ಬಳಸಿ ಎಂದು ಮರಗೆಲಸದ ಬಹಳಷ್ಟು ಸಲಹೆಗಳು ಹೇಳುತ್ತವೆ. ಸ್ಪೀಕರ್ ಕಟ್ಟುವವರು ಅದನ್ನು ಆ ಕೋಣೆಯೊಳಕ್ಕೇ ತರಬಾರದು. ಉಜ್ಜಿದಂತೆಲ್ಲ ಅದರಿಂದ ಕಬ್ಬಿಣದ ಸೂಕ್ಷ್ಮ ಚೂರುಗಳು ಉದುರುತ್ತವೆ, ಪೆಟ್ಟಿಗೆಯ ಒಳಮೂಲೆಗಳಲ್ಲಿ ಕೂರುತ್ತವೆ. ಮುಂದೆ ಡ್ರೈವರ್ ಕೂರಿಸಿದಾಗ ಅದರ ಅಯಸ್ಕಾಂತ ಅವನ್ನು ಹುಡುಕಿ ಎಳೆದುಕೊಳ್ಳುತ್ತದೆ. ಡ್ರೈವರಿನೊಳಗೆ ತಂತಿಯ ಸುರುಳಿ ಚಲಿಸುವ ಕಿರಿದಾದ ಸಂದಿಗೆ ಒಂದೇ ಒಂದು ಚೂರು ಸೇರಿದರೂ ಕರಕರ ಸದ್ದು ಶುರುವಾಗುತ್ತದೆ, ಅದನ್ನು ಅಲ್ಲಿಂದ ಹೊರತೆಗೆಯುವುದು ಬಹಳ ಕಷ್ಟ. ಬೂದುಬಣ್ಣದ ನೈಲಾನ್ ಉಜ್ಜುಮೆತ್ತೆ ಇದೇ ಕೆಲಸವನ್ನು ಕಬ್ಬಿಣವಿಲ್ಲದೆ ಮಾಡುತ್ತದೆ.

ಹೊಳಪಿನ ಆಯ್ಕೆಯಲ್ಲಿ ನಾನು ಸ್ಯಾಟಿನ್ ಪಕ್ಷ. ಕಡು ಹೊಳಪಿನ ಪೆಟ್ಟಿಗೆಯಲ್ಲಿ ಕೋಣೆಯ ದೀಪ, ಕಿಟಕಿ ಎಲ್ಲ ಪ್ರತಿಫಲಿಸಿ ಮರವೇ ಕಾಣದಾಗುತ್ತದೆ. ಸ್ಯಾಟಿನ್‌ನಲ್ಲಿ ಬೆಳಕನ್ನು ಚದುರಿಸಲು ಸೂಕ್ಷ್ಮ ಸಿಲಿಕಾ ಪುಡಿ ಬೆರೆಸಿರುತ್ತಾರೆ. ಇಟ್ಟಲ್ಲಿಯೇ ಇದ್ದರೆ ಅದು ಡಬ್ಬಿಯ ತಳಕ್ಕೆ ಇಳಿಯುತ್ತದೆ. ಪ್ರತಿ ಪದರಕ್ಕೂ ಮುನ್ನ ಕಡ್ಡಿಯಿಂದ ತಳ ಮುಟ್ಟಿ ಕಲಕಬೇಕು, ಕುಲುಕಿದರೆ ಗುಳ್ಳೆ ಏಳುತ್ತದೆ. ಕಲಕದೆ ಹಚ್ಚಿದರೆ ಒಂದು ಪೆಟ್ಟಿಗೆ ಹೆಚ್ಚು ಹೊಳೆಯುತ್ತದೆ, ಡಬ್ಬಿಯ ತಳಭಾಗದಿಂದ ಹಚ್ಚಿದ ಅದರ ಜೋಡಿ ಮಂಕಾಗುತ್ತದೆ. ಸ್ಪೀಕರ್ ಎಂದರೆ ಜೋಡಿ, ಎರಡೂ ಅಕ್ಕಪಕ್ಕ ನಿಲ್ಲುವವು, ಆದ್ದರಿಂದ ಎರಡಕ್ಕೂ ಒಂದೇ ಹೊತ್ತಿನಲ್ಲಿ, ಒಂದೇ ಬಟ್ಟಲಿನಿಂದ ಹಚ್ಚುವುದನ್ನು ನಿಯಮ ಮಾಡಿಕೊಂಡಿದ್ದೇನೆ. ವಾಲ್ನಟ್‌ನಂತಹ ಗಾಢ ಮರಕ್ಕೆ ಕೆಳಗಿನ ಪದರಗಳನ್ನು ಕಡು ಹೊಳಪಿನ ಲೇಪದಲ್ಲಿ ಕಟ್ಟಿ ಕೊನೆಯ ಒಂದನ್ನು ಮಾತ್ರ ಸ್ಯಾಟಿನ್ ಮಾಡಿದರೆ ಮರದ ಆಳ ಇನ್ನೂ ತಿಳಿಯಾಗಿ ಕಾಣುತ್ತದೆ.

ಬಣ್ಣದ ಬಗ್ಗೆ ಎರಡು ಮಾತಲ್ಲ, ಮರಕ್ಕೆ ತಕ್ಕಂತೆ ಬೇರೆ ಬೇರೆ ಮಾತು. ಎಣ್ಣೆ ಮೂಲದ ಪಾಲಿಗೆ ತನ್ನದೇ ಜೇನುಬಣ್ಣವಿದೆ, ಕಾಲ ಕಳೆದಂತೆ ಅದು ಇನ್ನಷ್ಟು ಗಾಢವಾಗುತ್ತದೆ. ವಾಲ್ನಟ್ ವಿನೀರಿನ ಮೇಲೆ ಮೊದಲ ಒರೆಸಿಗೇ ಬೂದಾಗಿದ್ದ ಮರ ಕೆಂಪುಗಂದಾಗಿ ಎದ್ದುಬಂದಾಗ ನಾನು ಕೆಲಸ ನಿಲ್ಲಿಸಿ ನೋಡುತ್ತ ನಿಂತಿದ್ದೆ. ಓಕ್ ಕೂಡ ಹಾಗೆಯೇ ಮೈತುಂಬಿಕೊಂಡಿತು. ಬರ್ಚ್ ಮಾತ್ರ ತನ್ನ ಹಾಲುಬಿಳುಪನ್ನು ಕಳೆದುಕೊಂಡು ತಿಳಿಹಳದಿಗೆ ತಿರುಗಿತು. ನನಗೆ ಅದು ಇಷ್ಟ. ಆದರೆ ಬರ್ಚ್, ಮೇಪಲ್, ಆಶ್ ಇವುಗಳ ಬಿಳುಪಿಗೇ ಮನಸೋತು ಆ ಮರ ಆರಿಸಿಕೊಂಡವರು ಈ ಡಬ್ಬಿಯನ್ನು ಕೆಳಗಿಟ್ಟು ನೀರು ಮೂಲದ ಪಾಲಿ ತೆಗೆದುಕೊಳ್ಳುವುದೇ ಸರಿ. ಅದು ಬಣ್ಣ ಕೂಡಿಸುವುದಿಲ್ಲ, ವಾಸನೆ ಕಡಿಮೆ, ಬೇಗ ಆರುತ್ತದೆ. ಅದೇ ಗುಣ ವಾಲ್ನಟ್ ಮೇಲೆ ಅವಗುಣವಾಗುತ್ತದೆ, ಮರ ಜೀವವಿಲ್ಲದೆ ಬೂದು ಬೂದಾಗಿ ಉಳಿಯುತ್ತದೆ. ಅದಕ್ಕೆ ಪರಿಹಾರವೂ ಇದೆ: ಕೆಳಗೆ ಮೇಣ ತೆಗೆದ ಅರಗಿನ ಒಂದು ತೆಳು ಪದರ ಹಚ್ಚಿ ಮೇಲೆ ನೀರು ಮೂಲದ್ದನ್ನು ಹಚ್ಚಿದರೆ ಅರಗು ಬೆಚ್ಚನೆಯ ಬಣ್ಣ ಕೊಡುತ್ತದೆ. ಮೇಣ ತೆಗೆಯದ ಅರಗಾದರೆ ಮೇಲಿನ ಪಾಲಿ ಸರಿಯಾಗಿ ಕಚ್ಚುವುದಿಲ್ಲ.

ನೀರು ಮೂಲದ ಲೇಪದ ಬಗ್ಗೆ ನನ್ನದೊಂದು ದೂರಿದೆ. ನಾನು ಹೋಲಿಕೆಗೆ ತಂದ ಡಬ್ಬಿಯ ಮೇಲೆ ಮರದ ನಾರು ಏಳುವುದಿಲ್ಲ ಎಂದು ದೊಡ್ಡಕ್ಷರದಲ್ಲಿ ಬರೆದಿತ್ತು. ಬರ್ಚ್ ತುಂಡಿನ ಮೇಲೆ ಹಚ್ಚಿ ಆರಿದಾಗ ಕೈಗೆ ಗಡ್ಡದ ಕುರುಚಲಿನಂತೆ ತಾಗಿತು. ನೀರು ಮರಕ್ಕೆ ತಾಗಿದ ಮೇಲೆ ನಾರು ಉಬ್ಬುವುದು ಸಹಜ, ಅದನ್ನು ಮುಚ್ಚಿಡುವ ಅಗತ್ಯವೇನಿತ್ತು? ಮೊದಲೇ ಮರವನ್ನು ನೀರಿನಿಂದ ಒದ್ದೆ ಮಾಡಿ, ಆರಲು ಬಿಟ್ಟು, ಎದ್ದ ನಾರನ್ನು 220ರಿಂದ ಉಜ್ಜಿಬಿಟ್ಟರೆ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತದೆ ಎಂದು ಒಂದು ಸಾಲು ಬರೆದಿದ್ದರೆ ಕೊಂಡವರಿಗೆ ಉಪಕಾರವಾಗುತ್ತಿತ್ತು.

ಎಣ್ಣೆ ಮೂಲದ ಪಾಲಿಗೆ ಹೊಂದದ ಮರಗಳೂ ಇವೆ. ಬೀಟೆ ಮತ್ತು ಅದರ ಬಳಗದ ಮರಗಳಲ್ಲಿರುವ ಸಹಜ ರಾಸಾಯನಿಕಗಳು ಎಣ್ಣೆ ಗಾಳಿಯೊಡನೆ ಸೇರಿ ಗಟ್ಟಿಯಾಗುವುದನ್ನೇ ತಡೆಯುತ್ತವೆ, ಲೇಪ ದಿನಗಟ್ಟಲೆ ಅಂಟಂಟಾಗಿಯೇ ಉಳಿಯಬಹುದು. ಎಣ್ಣೆಯಂಶ ಹೆಚ್ಚಿರುವ ತೇಗವೂ ಕಾಟ ಕೊಡುವುದುಂಟು. ಇಲ್ಲಿಯೂ ಮೇಣ ತೆಗೆದ ಅರಗೇ ಆಪದ್ಬಾಂಧವ, ಮರಕ್ಕೂ ಪಾಲಿಗೂ ನಡುವೆ ಗೋಡೆಯಾಗಿ ನಿಲ್ಲುತ್ತದೆ.

ಈಗ ಕೊರತೆಗಳು. ಇದು ಮರದ ರಂಧ್ರಗಳನ್ನು ತುಂಬುವುದಿಲ್ಲ. ಓಕ್‌ನ ಉದ್ದುದ್ದ ರಂಧ್ರಗಳು ಐದು ಪದರದ ನಂತರವೂ ಹಾಗೇ ತೆರೆದಿರುತ್ತವೆ. ಪಿಯಾನೋದ ಮೇಲಿರುವಂತಹ ಕನ್ನಡಿ ಹೊಳಪು ಬೇಕಾದವರು ರಂಧ್ರ ತುಂಬುವ ಪೇಸ್ಟ್ ಮತ್ತು ಸಿಂಪಡಿಸುವ ಲ್ಯಾಕರ್ ಕಡೆಗೆ ನೋಡಬೇಕು, ಅದಕ್ಕೆ ಯಂತ್ರವೂ ಬೇಕು, ಗಾಳಿ ಹೊರಹೋಗುವ ಪ್ರತ್ಯೇಕ ಜಾಗವೂ ಬೇಕು. ಮರ ಬರಿದಾಗಿದೆಯೋ ಎನ್ನುವಂತಹ ಸ್ಪರ್ಶ ಬೇಕಾದವರಿಗೆ ಎಣ್ಣೆ ಮೇಣದ ಮಿಶ್ರಣ ಇನ್ನೂ ಸೊಗಸು. ವಾಸನೆ ಕಟುವಾಗಿದೆ, ಹೊಚ್ಚಹೊಸದಾಗಿ ಹಚ್ಚಿದ ಪೆಟ್ಟಿಗೆಯನ್ನು ಮಲಗುವ ಕೋಣೆಯಲ್ಲಿ ಇಡಲಾಗದು. ಕೈಗವಸು, ಸಾವಯವ ಆವಿಗೆಂದೇ ಇರುವ ಫಿಲ್ಟರಿನ ಮುಖವಾಡ, ತೆರೆದ ಕಿಟಕಿ ಬೇಕೇ ಬೇಕು. ಧೂಳಿಗೆಂದು ಹಾಕುವ ಬಟ್ಟೆಯ ಮುಖಗವಸು ಆವಿಯನ್ನು ತಡೆಯುವುದಿಲ್ಲ.

ಹಚ್ಚಿದ ಬಟ್ಟೆಯನ್ನು ಏನು ಮಾಡುತ್ತೀರಿ ಎನ್ನುವುದು ಎಲ್ಲಕ್ಕಿಂತ ಗಂಭೀರ ವಿಷಯ. ಒಣಗುವ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರುವಾಗ ಶಾಖ ಹುಟ್ಟುತ್ತದೆ. ಹರಡಿದ ಬಟ್ಟೆಯಲ್ಲಿ ಆ ಶಾಖ ಹಾರಿಹೋಗುತ್ತದೆ, ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆದರೆ ಒಳಗೇ ಕೂಡಿಕೊಂಡು ಕಿಡಿಯಿಲ್ಲದೆಯೂ ಬೆಂಕಿ ಹೊತ್ತಿಕೊಳ್ಳಬಲ್ಲದು. ಕಾರ್ಯಾಗಾರಗಳು ಸುಟ್ಟುಹೋಗುವುದಕ್ಕೆ ಇದೊಂದು ನಿಜವಾದ ಕಾರಣ. ಬಟ್ಟೆಯನ್ನು ಒಂಟಿ ಪದರವಾಗಿ ಹೊರಗೆ ಹರಡಿ ಪೂರ್ತಿ ಗರಿಗರಿಯಾಗಿ ಒಣಗಿಸಿ, ಅಥವಾ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿ. ಪ್ರತಿ ಸಲ, ಒಂದು ಸಣ್ಣ ತುಂಡು ಬಟ್ಟೆಯಾದರೂ ಸರಿ.

ಲೇಪದಿಂದ ಧ್ವನಿ ಬದಲಾಗುತ್ತದೆಯೇ? ಪೆಟ್ಟಿಗೆಯ ಕಂಪನವನ್ನು ನಿರ್ಧರಿಸುವುದು ಹಲಗೆಯ ದಪ್ಪ, ಒಳಗಿನ ಅಡ್ಡಪಟ್ಟಿಗಳು, ಒಳಗೆ ತುಂಬಿದ ಮೆತ್ತನೆಯ ಸಾಮಗ್ರಿ. 18 ಮಿಲಿಮೀಟರ್ ಹಲಗೆಯ ಮೇಲೆ ಮಿಲಿಮೀಟರಿನ ನೂರನೆಯ ಕೆಲವು ಭಾಗಗಳಷ್ಟು ದಪ್ಪದ ಪೊರೆ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಪಿಟೀಲಿನ ವಾರ್ನಿಷ್ ಬಗೆಗಿನ ವಾದಗಳನ್ನು ಇಲ್ಲಿಗೆ ಎಳೆದು ತರುವುದು ಸರಿಯಲ್ಲ. ಪಿಟೀಲಿನ ಹಲಗೆ ತೆಳ್ಳಗಿದ್ದು ನುಡಿಯಬೇಕು, ಸ್ಪೀಕರಿನ ಹಲಗೆ ಸುಮ್ಮನಿರಬೇಕು. ಗಟ್ಟಿ ಮರದ ಪೆಟ್ಟಿಗೆಯಾದರೆ ಮಾತ್ರ ಒಳಭಾಗಕ್ಕೂ ಒಂದೆರಡು ಪದರ ಹಚ್ಚಿ, ಎರಡೂ ಬದಿ ತೇವವನ್ನು ಒಂದೇ ಪ್ರಮಾಣದಲ್ಲಿ ಹೀರಿದರೆ ಹಲಗೆ ಬಾಗುವ ಸಂಭವ ಕಡಿಮೆ. ಪ್ಲೈವುಡ್‌ಗೆ ಆ ಶ್ರಮ ಬೇಡ.

ಕೊನೆಯ ಪದರ ಮುಟ್ಟಲು ಆರಿದಂತಿದ್ದರೂ ಪೂರ್ತಿ ಗಟ್ಟಿಯಾಗಲು ಸುಮಾರು ಒಂದು ತಿಂಗಳು ಬೇಕು. ಅವಸರದಲ್ಲಿ ಡ್ರೈವರ್ ಬಿಗಿದರೆ ಅದರ ಫೋಮ್ ಗ್ಯಾಸ್ಕೆಟ್ ಲೇಪಕ್ಕೆ ಅಂಟಿಕೊಂಡು, ಮುಂದೆ ಬಿಚ್ಚಬೇಕಾದಾಗ ಪದರವನ್ನೂ ಕಿತ್ತುಕೊಂಡು ಬರುತ್ತದೆ. ಮೂಗನ್ನು ಮೇಲ್ಮೈಗೆ ತಾಗುವಷ್ಟು ಹತ್ತಿರ ಒಯ್ದಾಗ ವಾಸನೆ ಬಾರದಿದ್ದರೆ ಬಿಗಿಯಬಹುದು, ಇದು ನನ್ನ ಅಳತೆಗೋಲು. ರಬ್ಬರ್ ಕಾಲುಗಳನ್ನು ಇನ್ನೂ ತಡವಾಗಿ ಅಂಟಿಸುವುದು ಒಳ್ಳೆಯದು, ಹಸಿ ಲೇಪದ ಮೇಲೆ ಅವು ಗುರುತು ಬಿಡುತ್ತವೆ.

ದುರಸ್ತಿಯ ಸುಲಭತೆಗೇ ಇನ್ನಷ್ಟು ಅಂಕ ಕೊಡುತ್ತೇನೆ. ಎತ್ತರದ ಜೋಡಿಯಲ್ಲಿ ಒಂದರ ಮೂಲೆ ಬಾಗಿಲ ಚೌಕಟ್ಟಿಗೆ ತಾಗಿ ಗೀರು ಬಿದ್ದಿತ್ತು. ಆ ಬದಿಯನ್ನಷ್ಟೇ 400ರಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ, ಎರಡು ಪದರ ಹಚ್ಚಿದೆ. ಹೊಸದು ಹಳೆಯದು ಎಂಬ ಗೆರೆ ಕಾಣಲಿಲ್ಲ. ಇಂತಹ ಕೆಲಸಕ್ಕೆಂದು ಉಳಿದ ಲೇಪವನ್ನು ಅರ್ಧ ಖಾಲಿ ಡಬ್ಬಿಯಲ್ಲೇ ಇಡಬೇಡಿ, ಒಳಗಿನ ಗಾಳಿಗೆ ಮೇಲೆ ಕೆನೆಗಟ್ಟಿ, ಆಮೇಲೆ ಇಡೀ ಡಬ್ಬಿ ಗಂಜಿಯಾಗುತ್ತದೆ. ಕಂಠದವರೆಗೆ ತುಂಬುವಂತಹ ಸಣ್ಣ ಗಾಜಿನ ಬಾಟಲಿಗಳಿಗೆ ಸುರಿದು, ಬಿರಡೆ ಬಿಗಿದು, ಮೇಲೆ ದಿನಾಂಕ ಬರೆದು ಕತ್ತಲೆಯ ಕಪಾಟಿನಲ್ಲಿ ಇಟ್ಟರೆ ಬಹಳ ಕಾಲ ಬರುತ್ತದೆ.